ನಾನು ಹಿಡಿಸಿದ ಮೌನವ್ರತ

ಇದನ್ನು ಹೇಳಬೇಕೆಂದುಕೊಂಡು ಎಷ್ಟೋ ವರ್ಷಗಳಾದವು. ಮೊದಲು, ಈ ಸಲದ ರೇಷ್ಮೆಗೂಡು ಇಳಿಯಲಿ ಎಂದುಕೊಂಡೆ. ಗೂಡು ಇಳಿಯಿತು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜೂ ಆಯಿತು. ಆಮೇಲೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ನಿಧಾನವಾಗಿ ಬರೆಯೋಣ ಎಂದುಕೊಂಡೆ. ತೆಗೆಸಿದ ಮೇಲೆ ಎಲ್ಲವೂ ಚೆನ್ನಾಗಿ ಕಾಣತೊಡಗಿತು, ಕನ್ನಡಿಯಲ್ಲಿ ನನ್ನ ಮುಖವೂ ಸೇರಿ. ಅದಕ್ಕೇ ಇನ್ನಷ್ಟು ಮುಂದಕ್ಕೆ ಹಾಕಿದೆ. ಈಗ ಹಾಕಲು ಮುಂದೆ ಹೆಚ್ಚು ಜಾಗ ಉಳಿದಿಲ್ಲ.

ನಮ್ಮದು ಮಂಡಿಕಲ್ ಹೋಬಳಿಯ ಒಂದು ಹಳ್ಳಿ. ಮನೆಗೆ ಸಾಕಾಗುವಷ್ಟು ಜಮೀನು, ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ. ನಾನು ಹೈಸ್ಕೂಲು ಮುಗಿಸಿದವನು. ನಮ್ಮ ಬೀದಿಯಲ್ಲಿ ನನ್ನ ವಯಸ್ಸಿನವರಲ್ಲಿ ಅಷ್ಟು ಓದಿದವರು ಬೇರೆ ಇರಲಿಲ್ಲವಾದ್ದರಿಂದ ಪಂಚಾಂಗ ಓದುವುದು, ಆಸ್ಪತ್ರೆಯ ಚೀಟಿ ಓದುವುದು, ಓದಲಾಗದಿದ್ದರೂ ಓದಿದಂತೆ ತಲೆಯಾಡಿಸುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಮಂದಿ ನನ್ನ ಮಾತಿಗೆ ಬೆಲೆ ಕೊಡುತ್ತಿದ್ದರು. ಪಾಪ, ಅವರಿಗೆ ಬೇರೆ ದಾರಿ ಇರಲಿಲ್ಲ.

ನನಗೊಬ್ಬಳು ತಂಗಿ. ಹುಟ್ಟುವಾಗಲೇ ಅವಳ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು, ಒಳಗೆ ಅಂಗುಳವೂ ಕೂಡಿರಲಿಲ್ಲ. ಮಲಗಿಸಿ ಹಾಲು ಹಾಕಿದರೆ ಮೂಗಿನಿಂದ ಬರುತ್ತಿತ್ತು. ಅಮ್ಮ ಅವಳನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಒಳಲೆಯ ಮೂತಿಯಿಂದ ತೊಟ್ಟುತೊಟ್ಟಾಗಿ ಕುಡಿಸುತ್ತಿದ್ದಳು. ಹಾಗೆ ಬದುಕಿದಳು. ಮಾತು ತಡವಾಗಿ ಬಂತು, ಬಂದಿದ್ದೂ ಮೂಗಿನಿಂದ ಬಂತು. ಅದು ಅಮ್ಮನನ್ನೂ ನನ್ನನ್ನೂ ಬಿಟ್ಟು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹೀಗಾಗಿ ಚಿಕ್ಕಂದಿನಲ್ಲೇ ನಾನು ಅವಳ ದುಭಾಷಿಯಾದೆ. ಅಂಗಡಿಗೆ ಹೋದರೆ ಅವಳು ಕಡಲೆಪುರಿ ಬೇಕು ಎನ್ನುವಳು. ಅಂಗಡಿಯವನು ನನ್ನ ಮುಖ ನೋಡುವನು. ನಾನು, ‘ಕಮರಕಟ್ಟು ಬೇಕಂತೆ’ ಎನ್ನುವೆ. ನನಗೆ ಇಷ್ಟವಾಗಿದ್ದುದು ಕಮರಕಟ್ಟು. ಅವಳಿಗೆ ಕಿವಿ ಚುರುಕು. ನಾನು ಏನು ಹೇಳಿದೆನೆಂದು ಪೂರಾ ಗೊತ್ತಾಗುತ್ತಿತ್ತು. ಅಂಗಡಿಯವನಿಗೆ ಏನೂ ಹೇಳಲಾಗದೆ ನನ್ನ ಕಡೆ ಒಂದು ನೋಟ ನೋಡುವಳು, ಅಷ್ಟೇ. ಆ ನೋಟವನ್ನು ನೆನಪಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ.

ಅಮ್ಮ ತೀರಿಕೊಂಡ ಮೇಲೆ ನನಗೆ ಹೆಣ್ಣು ನೋಡುವ ಮಾತು ಶುರುವಾಯಿತು. ಮನೆಯಲ್ಲಿ ಇಂಥದ್ದೊಂದು ಇದ್ದರೆ ಯಾರು ಕೊಡುತ್ತಾರೆ ಎಂದು ಹಿರಿಯರು ಗುಸುಗುಸು ಅಂದರು. ಕೆಂಚಾರ್ಲಹಳ್ಳಿಯಲ್ಲಿ ಸೋದರಮಾವನ ಮನೆಯಿತ್ತು. ಅಲ್ಲೂ ಹುಳು ಸಾಕುತ್ತಿದ್ದರು, ಕೈ ಬೇಕಾಗಿತ್ತು. ಹುಳುಗಳಿಗೆ ಮಾತು ಬೇಕಿಲ್ಲವಲ್ಲ. ನಾನೇ ಅವಳನ್ನು ಚಿಂತಾಮಣಿ ಬಸ್ಸು ಹತ್ತಿಸಿದೆ. ಮದುವೆಯಿಲ್ಲ, ಮಕ್ಕಳಿಲ್ಲ, ಸೆರಗಿನ ತುದಿ ಹಲ್ಲಿಗೆ ಕಚ್ಚಿಕೊಂಡು ಅಲ್ಲೇ ಉಳಿದಳು.

ನನ್ನ ಮಗನಿಗೆ ಹೆಣ್ಣು ನೋಡಲು ಗೌರಿಬಿದನೂರಿಗೆ ಹೋದಾಗ ನಾನು ಮಾಡಿದ ವಿಚಾರಣೆಯನ್ನು ಪೊಲೀಸರೂ ಮಾಡಲಾರರು. ನಿಮ್ಮ ಕಡೆ ಯಾರಿಗಾದರೂ ಬುದ್ಧಿ ಭ್ರಮಣೆ ಉಂಟೇ, ಮೂರ್ಛೆ ಉಂಟೇ, ಅಂಗದಲ್ಲಿ ಊನ ಉಂಟೇ ಎಂದು ಅವರ ಜಗುಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೇಳಿದೆ. ಹುಡುಗಿಯ ತಂದೆ ಸಾಧು ಮನುಷ್ಯ, ಮೂರು ತಲೆಮಾರು ತಡಕಾಡಿ, ತಮ್ಮ ಅಜ್ಜಿಗೆ ಮೆಳ್ಳೆಗಣ್ಣಿತ್ತೆಂದು ಒಪ್ಪಿಕೊಂಡರು. ನಾನು ದೊಡ್ಡ ಮನಸ್ಸು ಮಾಡಿ ಅದನ್ನು ಮನ್ನಿಸಿದೆ.

ಮದುವೆಗೆ ತಂಗಿ ಬಂದಿದ್ದಳು. ಛತ್ರದ ಮೂಲೆಯಲ್ಲಿ ಬಾಯಿಗೆ ಸೆರಗು ಹಿಡಿದು ಕೂತಿದ್ದವಳನ್ನು ನೋಡಿ ಬೀಗರ ಕಡೆಯ ಒಬ್ಬ ಹೆಂಗಸು ಇವರು ಯಾರು, ಏಕೆ ಮಾತಾಡುವುದಿಲ್ಲ ಎಂದು ಕೇಳಿದಳು. ಮನೆಯಲ್ಲಿ ಹೇಳಿ ಹೇಳಿ ರೂಢಿಯಾಗಿದ್ದ ಮಾತು ನನ್ನ ಬಾಯಿಂದ ತಟ್ಟನೆ ಬಂತು: ‘ನಮ್ಮ ತಂಗಿ. ಮೌನವ್ರತ ಹಿಡಿದವಳೆ.’ ಹೆಂಗಸಿನ ಮುಖ ಅರಳಿತು. ಎಷ್ಟು ವರ್ಷದಿಂದ ಎಂದಳು. ಚಿಕ್ಕಂದಿನಿಂದ ಎಂದೆ. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿ ಜನ ಅವಳ ಕಾಲಿಗೆ ಬೀಳತೊಡಗಿದರು. ಹೊಸ ಸೊಸೆಯೂ ಬಿದ್ದಳು. ನಾವು ಮನೆಯಿಂದ ಹೊರಗೆ ಹಾಕಿದವಳ ಮುಂದೆ ಗೌರಿಬಿದನೂರಿನವರು ಸಾಲುಗಟ್ಟಿದರು. ಸೆರಗಿನ ಹಿಂದೆ ಅವಳ ಭುಜ ಕುಲುಕುತ್ತಿತ್ತು. ನಗುತ್ತಿದ್ದಳೆಂದು ಆಗ ಅಂದುಕೊಂಡೆ.

ನಮ್ಮೂರಿನ ಹಳಬರಿಗೆ ನಿಜ ಗೊತ್ತಿತ್ತು. ನನ್ನೆದುರು ಯಾರೂ ಆಡುತ್ತಿರಲಿಲ್ಲ. ಅದಕ್ಕೆ ನಾವು ಮರ್ಯಾದೆ ಎನ್ನುತ್ತೇವೆ. ಮಗನಿಗೂ ಚಿಕ್ಕಂದಿನಿಂದ ವ್ರತ ಎಂದೇ ಹೇಳುತ್ತ ಬಂದೆ. ಅವನು ನಂಬಿದ್ದನೋ, ನಂಬಿದವನಂತೆ ಇದ್ದನೋ, ನಾನು ಕೇಳಿಲ್ಲ. ಅವನು ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಗುಮಾಸ್ತ, ಕೇಳದಿದ್ದರೆ ಹೇಳುವವನಲ್ಲ.

ಸೊಸೆಗೆ ಹೆರಿಗೆಯಾಗಿದ್ದು ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ. ಹೆಣ್ಣು ಮಗು. ನರ್ಸು ಬಟ್ಟೆ ಸರಿಸಿ ತೋರಿಸಿದಾಗ ನನಗೆ ಮೊಮ್ಮಗಳು ಕಾಣಲಿಲ್ಲ, ಕೆಂಚಾರ್ಲಹಳ್ಳಿ ಕಂಡಿತು. ಅದೇ ತುಟಿ, ಅದೇ ಅಂಗುಳ.

ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ಸಮಾಧಾನದಿಂದ ವಿವರಿಸಿದರು. ಮಗುವಿನ ಬಾಯಿಯ ಅಚ್ಚು ತೆಗೆದು ಅಂಗುಳಕ್ಕೆ ಒಂದು ಪುಟ್ಟ ತಟ್ಟೆ ಮಾಡಿಕೊಡುತ್ತಾರೆ, ತುಟಿಯ ಎರಡೂ ಬದಿ ಹತ್ತಿರ ಬರುವಂತೆ ಕೆನ್ನೆಯಿಂದ ಕೆನ್ನೆಗೆ ಟೇಪು ಅಂಟಿಸುತ್ತಾರೆ. ವಾರವಾರ ಬಂದು ತಟ್ಟೆಯನ್ನು ಚೂರು ಚೂರು ಸರಿ ಮಾಡಿಸಿಕೊಳ್ಳಬೇಕು. ಎಳೆಕೂಸಿನ ಎಲುಬು ಮೆತ್ತಗಿರುತ್ತದೆ, ಹೇಳಿದಂತೆ ಕೇಳುತ್ತದೆ, ಈ ಮೊದಲ ತಿಂಗಳುಗಳು ಹೋದರೆ ಹೋದವೇ. ಮಗು ಮೈ ತುಂಬಿಕೊಂಡ ಮೇಲೆ ತುಟಿಗೆ ಆಪರೇಷನ್ನು, ಮಾತು ಕಲಿಯುವ ಹೊತ್ತಿಗೆ ಅಂಗುಳಕ್ಕೆ. ತಡ ಮಾಡಿದರೆ ಮಾತು ಮೂಗಿನಲ್ಲೇ ನಿಂತುಬಿಡುತ್ತದೆ ಎಂದರು. ಅದೇನೆಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಇರಲಿಲ್ಲ.

ಕಡೆಯಲ್ಲಿ ಅವರು, ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ಕೆಲವು ಕಡೆ ವಂಶದಲ್ಲಿ ಬರುತ್ತದೆ, ಎಷ್ಟೋ ಕಡೆ ಹಾಗೇ ಬರುತ್ತದೆ, ಯಾರ ತಪ್ಪೂ ಅಲ್ಲ, ತಿಳಿದಿದ್ದರೆ ಒಳ್ಳೆಯದು ಅಷ್ಟೇ ಎಂದರು. ತಪ್ಪಲ್ಲ ಎಂದು ಅವರೇ ಹೇಳಿದ ಮೇಲೂ ನಾನು ನೆಟ್ಟಗೆ ಕೂತು, ‘ನಮ್ಮಲ್ಲಿ ಯಾರಿಗೂ ಇಲ್ಲ’ ಎಂದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಗೋಡೆಯ ಮೇಲಿದ್ದ ಹಲ್ಲುಗಳ ಚಿತ್ರವನ್ನು ಬಹಳ ಹೊತ್ತು ನೋಡಿದಳು.

ನಮ್ಮಲ್ಲಿ ಇಲ್ಲ ಅಂದರೆ ಅವರಲ್ಲಿ ಇರಬೇಕು, ಇಲ್ಲವೇ ಅವಳು ಏನಾದರೂ ಮಾಡಿರಬೇಕು. ನಮ್ಮ ಸೀಮೆಯಲ್ಲಿ ಇಂಥ ಕೂಸಿಗೆ ಗ್ರಹಣ ಹಿಡಿದ ಮಗು ಎನ್ನುತ್ತಾರೆ. ಬಸುರಿ ಗ್ರಹಣದ ಹೊತ್ತಿನಲ್ಲಿ ಏನಾದರೂ ಕೊಯ್ದರೆ ಕೂಸಿನ ತುಟಿ ಸೀಳುತ್ತದೆಯಂತೆ. ಹಾಗಾಗಿ ನನಗೆ ಒಂದು ಗ್ರಹಣ ಬೇಕಾಯಿತು. ಪಂಚಾಂಗ ತೆಗೆದು ಆ ತಿಂಗಳುಗಳ ಮೇಲೆ ಬೆರಳಾಡಿಸಿದೆ. ಒಂದು ಸಿಕ್ಕಿತು. ಅದರ ಕೆಳಗೆ, ಭಾರತದಲ್ಲಿ ಗೋಚರವಿಲ್ಲ, ಆಚರಣೆ ಇಲ್ಲ ಎಂದು ಅಚ್ಚಾಗಿತ್ತು. ಮನೆಯವರಿಗೆ ಓದಿ ಹೇಳುವಾಗ ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೆ. ಸಮುದ್ರದ ಆಚೆ ಯಾರದೋ ದೇಶದ ಮೇಲೆ ಬಿದ್ದ ನೆರಳು ಮಂಡಿಕಲ್ ಹೋಬಳಿಯವರೆಗೆ ಬಂದು, ನಮ್ಮ ಮನೆಯ ಬಾಗಿಲನ್ನೇ ಹುಡುಕಿ, ಹೊಟ್ಟೆಯೊಳಗಿನ ಕೂಸಿನ ತುಟಿ ಸೀಳಿ ಹೋಯಿತೆಂದು ಹೈಸ್ಕೂಲು ಓದಿದ ನಾನು ಹೇಳಿದೆ, ಹೈಸ್ಕೂಲು ಓದದವರು ನಂಬಿದರು.

ಅವತ್ತು ಏನು ಹೆಚ್ಚಿದೆಯಮ್ಮ ಎಂದು ಸೊಸೆಯನ್ನು ಕೇಳಿದೆ. ಅವಳು ಯೋಚಿಸಿ ಹೇಳಿದಳು: ‘ಸೊಪ್ಪು ಹೆಚ್ದೆ ಮಾವ. ಮರಿ ಹುಳ ಇತ್ತಲ್ಲ. ನೀವೇ ಸಣ್ಣಗೆ ಹೆಚ್ಚಮ್ಮ ಅಂದ್ರಿ.’

ಅಂದಿದ್ದೆ. ಮೊಟ್ಟೆಯೊಡೆದ ಹೊಸತರಲ್ಲಿ ಹುಳು ಇರುವೆಯಷ್ಟೇ ಇರುತ್ತದೆ. ಎಳೆಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ ಉದುರಿಸಬೇಕು. ಆ ಹೊತ್ತಿನಲ್ಲಿ ಸರಿಯಾಗಿ ನೋಡಿಕೊಳ್ಳದಿದ್ದರೆ ಆಮೇಲೆ ಎಷ್ಟು ಸೊಪ್ಪು ಸುರಿದರೂ ಗೂಡು ಕಟ್ಟುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ಹುಳುವಿಗೆ ಅನ್ವಯಿಸುವ ಮಾತು ಮೊಮ್ಮಗಳಿಗೂ ಅನ್ವಯಿಸಬಹುದು ಎಂದು ಹೊಳೆಯಲಿಲ್ಲ.

ಸೊಸೆ ಮಾತ್ರ ಬಿಡಲಿಲ್ಲ. ನರ್ಸು ಕಲಿಸಿದಂತೆ ಮಗುವನ್ನು ನೆಟ್ಟಗೆ ಹಿಡಿದು ಒಳಲೆಯಲ್ಲಿ ಹಾಲು ಕುಡಿಸಿದಳು, ಬೆನ್ನು ತಟ್ಟಿ ತೇಗು ಬರಿಸಿದಳು, ತಟ್ಟೆ ತೊಳೆದು ಹಾಕಿದಳು, ಟೇಪು ಅಂಟಿಸಿದಳು, ವಾರವಾರ ಬಸ್ಸು ಹತ್ತಿದಳು. ಆದರೆ ಮನೆಗೆ ನೆಂಟರು ಬರುವ ಸದ್ದಾದರೆ ಅವಳು ಅಡುಗೆಮನೆಯಲ್ಲಿದ್ದಾಗ ನಾನು ತೊಟ್ಟಿಲ ಬಳಿ ಹೋಗಿ ಟೇಪು ಕಿತ್ತು, ತಟ್ಟೆ ತೆಗೆದು ಜೇಬಿಗೆ ಹಾಕಿಕೊಂಡು, ಮಗುವಿನ ಮೂಗಿನವರೆಗೆ ಹೊದಿಕೆ ಎಳೆದು, ನಿದ್ದೆ ಮಾಡ್ತಾ ಅವಳೆ, ದೃಷ್ಟಿಯಾಗುತ್ತೆ, ಮುಟ್ಟಬೇಡಿ ಎನ್ನುತ್ತಿದ್ದೆ. ಅವರು ಹೋದ ಮೇಲೆ, ಸೊಸೆ ನೋಡುವ ಮೊದಲು ಮತ್ತೆ ಹಾಕಿಡುತ್ತಿದ್ದೆ. ಟೇಪು ಇದ್ದರೆ ಏನಾಗಿದೆ ಎಂದು ಕೇಳುತ್ತಾರೆ. ಹೊದಿಕೆ ಇದ್ದರೆ ಕೇಳುವುದಿಲ್ಲ. ಬಟ್ಟೆಯಿಂದ ಬಾಯಿ ಮುಚ್ಚುವುದು ನಮ್ಮ ಮನೆಯಲ್ಲಿ ಹಳೆಯ ಚಿಕಿತ್ಸೆ.

ಒಂದು ವಾರ ಡಾಕ್ಟರಮ್ಮ ಅಳತೆ ನೋಡಿ ಬೇಸರಪಟ್ಟರು. ಸಂದು ಕೂಡಬೇಕಾದಷ್ಟು ಕೂಡಿಲ್ಲ, ತಟ್ಟೆ ಯಾರು ತೆಗೆಯುತ್ತಿದ್ದಾರೆ ಎಂದು ಸೊಸೆಯನ್ನು ಗದರಿದರು. ಅವಳು ತೆಗೆದಿಲ್ಲ ಎಂದಳು, ಅವರು ನಂಬಲಿಲ್ಲ, ಅವಳು ಅತ್ತಳು. ನಾನು ಅಲ್ಲೇ ಕುರ್ಚಿಯಲ್ಲಿದ್ದೆ. ಆ ದಿನ ಮೌನವ್ರತ ನನ್ನದಾಗಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಬೀಗರನ್ನೂ, ತಂಗಿಯ ನಿಜ ತಿಳಿಯದ ಬೇರೆ ಊರಿನ ನಮ್ಮ ಕಡೆಯ ಇಬ್ಬರು ಹಿರಿಯರನ್ನೂ ಕರೆಸಿ ನಡುಮನೆಯಲ್ಲಿ ಕೂರಿಸಿದೆ. ಮಾತೆಲ್ಲ ನಾನೇ ಮೊದಲೇ ಹಿರಿಯರ ಕಿವಿಗೆ ಹಾಕಿದ್ದೆ. ಅವರು ಅದನ್ನೇ ತಮ್ಮದೆಂಬಂತೆ ಹೇಳಿದರು. ದೋಷ ಕಳೆಯುವವರೆಗೆ, ಅಂದರೆ ಒಂದು ವರ್ಷ, ತಾಯಿ ಮಗು ಗೌರಿಬಿದನೂರಿನಲ್ಲಿ ಇರಲಿ. ಗ್ರಹಣ ಹಿಡಿದ ಮೈಗೆ ಕತ್ತಿ ತಾಕಿಸಬಾರದು, ಅಲ್ಲಿಯವರೆಗೆ ಆಸ್ಪತ್ರೆ ಬೇಡ. ಒಂದು ವರ್ಷ ಅಂದರೆ ಏನೆಂದು ನನಗೆ ಗೊತ್ತಿತ್ತು. ಮಗುವಿನ ಮಾತು. ಮಗ ತಲೆ ತಗ್ಗಿಸಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದ. ಸೊಸೆ ಮಗುವನ್ನು ಎದೆಗವುಚಿಕೊಂಡು ಬಾಗಿಲ ಬಳಿ ನಿಂತಿದ್ದಳು. ಬೀಗರು ಎದ್ದು ಕೈಮುಗಿದರು.

‘ನಮ್ಮ ಹುಡ್ಗಿಯಿಂದ ತಪ್ಪಾಯ್ತು ಬೀಗರೇ. ಕ್ಷಮಿಸ್ಬಿಡಿ. ಕರ್ಕೊಂಡ್ ಹೋಗ್ತೀನಿ.’

ತಪ್ಪು ಮಾಡದವರಿಗೆ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ.

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಕೈಯಲ್ಲೊಂದು ಬಟ್ಟೆಚೀಲ, ಹಲ್ಲಲ್ಲಿ ಸೆರಗು, ತಂಗಿ ಒಳಗೆ ಬಂದಳು. ಬೀಗರು ಭಕ್ತಿಯಿಂದ ಅವಳ ಕಾಲು ಮುಟ್ಟಲು ಬಗ್ಗಿದರು. ಅವಳು ಅವರನ್ನು ದಾಟಿ ನೇರ ಸೊಸೆಯ ಹತ್ತಿರ ಹೋಗಿ, ಮಗುವಿನ ಮುಖ ನೋಡಿ, ಕೆನ್ನೆಯ ಟೇಪನ್ನು ಬೆರಳಿನಿಂದ ಸವರಿದಳು. ಆಮೇಲೆ ನಮ್ಮ ಕಡೆ ತಿರುಗಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದಳು.

ವ್ರತ ಮುರಿದದ್ದು ಕಂಡು ಹಿರಿಯರು ಬೆಚ್ಚಿದರು. ಏನು ಹೇಳಿದಳೆಂದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು, ಹಿಂದೆ ಅಂಗಡಿಯವನು ನೋಡುತ್ತಿದ್ದಂತೆ. ಅವಳು ಹೇಳಿದ್ದನ್ನು ಇಷ್ಟು ವರ್ಷದ ಮೇಲೆ ಒಂದು ಅಕ್ಷರ ತಪ್ಪಿಸದೆ ಬರೆಯುತ್ತೇನೆ:

‘ಆ ಹುಡ್ಗೀನ ಎಲ್ಲೂ ಕಳಿಸ್ಬೇಡಿ. ಇದು ನಮ್ಮನೇದು. ನಾನೂ ಹಿಂಗೇ ಹುಟ್ಟಿದ್ದು. ನನಗಂತೂ ಯಾರೂ ಮಾಡಿಸ್ಲಿಲ್ಲ, ಇದಕ್ಕಾದ್ರೂ ಮಾಡ್ಸಿ.’

ನಾನು ಹೇಳಿದ್ದು ಇದು: ‘ಇವತ್ತಿಗೆ ವ್ರತ ಮುಗೀತಂತೆ. ಮಗೂಗೆ ಒಳ್ಳೇದಾಗ್ಲಿ ಅಂತಾವಳೆ.’

ಹಿರಿಯರು ಕೈಮುಗಿದರು. ತಂಗಿ ನನ್ನನ್ನು ನೋಡಿದಳು. ಕಡಲೆಪುರಿ ಕೇಳಿ ಕಮರಕಟ್ಟು ಸಿಕ್ಕಿದವಳ ಅದೇ ನೋಟ. ಆದರೆ ಈ ಸಲ ಅವಳು ಅಲ್ಲಿಗೆ ಬಿಡಲಿಲ್ಲ. ಹಿಡಿದಿದ್ದ ಸೆರಗು ಬಿಟ್ಟಳು. ಅದು ಜಾರಿ ಭುಜದ ಮೇಲೆ ಬಿತ್ತು. ಸೀಳಿದ ತುಟಿಯನ್ನು ಬೀಗರಿಗೆ ತೋರಿಸಿದಳು, ಹಿರಿಯರಿಗೆ ತೋರಿಸಿದಳು, ಮಗುವಿನ ತುಟಿಯನ್ನೂ ತನ್ನ ತುಟಿಯನ್ನೂ ಬೆರಳಿನಿಂದ ಮುಟ್ಟಿ ಆಮೇಲೆ ನನ್ನ ಎದೆಯ ಕಡೆ ಬೆರಳು ಮಾಡಿದಳು. ಅದಕ್ಕೆ ದುಭಾಷಿ ಬೇಕಿರಲಿಲ್ಲ.

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳಿಗೆ ಮೈ ಸರಿಯಿಲ್ಲ ಎಂದೋ, ಅದು ಆಮೇಲೆ ಆದದ್ದು ಎಂದೋ ಹೇಳಲಿದ್ದೆ ಅಂತ ಕಾಣುತ್ತದೆ. ಸೊಸೆ ನನ್ನ ಕಡೆ ತಿರುಗದೆಯೇ ಹೇಳಿದಳು: ‘ನೀವು ಸುಮ್ನಿರಿ ಮಾವ.’ ಆಮೇಲೆ ತಂಗಿಗೆ, ‘ಇನ್ನೊಂದ್ಸಲ ಹೇಳಿ ಅತ್ತೆ, ನಿಧಾನಕ್ಕೆ ಹೇಳಿ. ನನಗೆ ಅರ್ಥ ಆಗುತ್ತೆ’ ಎಂದಳು.

ತಿಂಗಳುಗಟ್ಟಲೆ ಮಗಳ ಬಾಯಿಯ ಒಂದೊಂದು ಸದ್ದಿಗೂ ಕಿವಿಗೊಟ್ಟವಳು. ಎರಡನೆಯ ಸಲಕ್ಕೆ ಪೂರಾ ಅರ್ಥ ಮಾಡಿಕೊಂಡು ತನ್ನ ಅಪ್ಪನಿಗೆ ತಪ್ಪಿಲ್ಲದೆ ಹೇಳಿದಳು. ಬೀಗರು ಮುಗಿದ ಕೈಯನ್ನು ಬಿಟ್ಟು ನಿಧಾನವಾಗಿ ಕೂತರು. ‘ನಮ್ಮ ಅಜ್ಜಿ ಮೆಳ್ಳೆಗಣ್ಣು ಕೂಡ ಹೇಳಿದ್ದೆನಲ್ಲ ಬೀಗರೇ’ ಎಂದರು, ಅಷ್ಟೇ. ಮೊಬೈಲು ನೋಡುತ್ತಿದ್ದ ಮಗ ಎದ್ದು ಹೋಗಿ ಹೆಂಡತಿಯ ಪಕ್ಕ ನಿಂತ.

ತಂಗಿಗೆ ಸುದ್ದಿ ಮುಟ್ಟಿಸಿದವರು ಯಾರೆಂದು ಆಮೇಲೆ ಮನೆಯೆಲ್ಲ ಗರ್ಜಿಸಿದೆ. ಹೆಂಡತಿ ಅಕ್ಕಿ ಆರಿಸುತ್ತ, ‘ನಾನೇ ಫೋನ್ ಮಾಡಿಸ್ದೆ. ಏನಿವಾಗ?’ ಎಂದಳು.

ತಟ್ಟೆ ಮತ್ತೆ ಬಾಯಿಗೆ ಬಂತು, ಯಾರ ಜೇಬಿಗೂ ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ತುಟಿಯ ಆಪರೇಷನ್ನಾಯಿತು, ಹೊತ್ತಿಗೆ ಸರಿಯಾಗಿ ಅಂಗುಳದ್ದೂ ಆಯಿತು. ಮಾತು ಕಲಿಸುವ ಟೀಚರು ಅಂಗೈ ಮೇಲೆ ಕಾಗದದ ಚೂರು ಇಟ್ಟು ಊದಿಸುತ್ತಿದ್ದರು, ‘ಪ’ ಅನ್ನಿಸುತ್ತಿದ್ದರು. ಮನೆಯಲ್ಲಿ ಮಗು ನನ್ನ ಮೂಗಿನ ಮುಂದೆ ಕಾಗದ ಹಿಡಿದು ‘ಪ, ಪ, ಪ’ ಎಂದು ಹಾರಿಸುತ್ತಿತ್ತು. ಈಗ ಶಾಲೆಗೆ ಹೋಗುತ್ತಾಳೆ. ತುಟಿಯ ಮೇಲೆ ಸಣ್ಣದೊಂದು ಗೆರೆ. ಬಾಯಿ ಮಾತ್ರ ಮುಚ್ಚುವುದಿಲ್ಲ, ಕ್ಲಾಸಿನಲ್ಲಿ ಮಾತು ಜಾಸ್ತಿ ಎಂದು ಟೀಚರಿಂದ ದೂರು ಬಂದಿದೆ. ಆ ದೂರು ಕೇಳಲು ನಾನೇ ಹಟ ಮಾಡಿ ಶಾಲೆಗೆ ಹೋಗಿದ್ದೆ.

ಕ್ಷಮೆ ಕೇಳುವುದನ್ನೂ ಕಲಿತೆ, ಮೊಮ್ಮಗಳು ಮಾತು ಕಲಿತ ಹಾಗೆಯೇ, ಕಷ್ಟಪಟ್ಟು. ಸೊಸೆಯ ಬಳಿ ಹೋಗಿ, ಏನೋ ಆಗೋಯ್ತು ಕಣಮ್ಮ ಎಂದೆ. ಅವಳು ‘ಏನೋ ಅಲ್ಲ ಮಾವ. ಏನು ಅಂತ ಹೇಳಿ’ ಎಂದಳು. ಹೇಳಿದೆ. ಗ್ರಹಣ, ಹೆಬ್ಬೆರಳು, ಜೇಬು, ಎಲ್ಲ. ಜೇಬಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಬಹಳ ದಿನ ನನ್ನೊಡನೆ ಮಾತು ಬಿಟ್ಟಳು, ಊಟ ಮಾತ್ರ ಹೊತ್ತಿಗೆ ಸರಿಯಾಗಿ ಬಡಿಸಿದಳು. ಗೌರಿಬಿದನೂರಿಗೆ ಹೋಗಿ ಅದೇ ಜಗುಲಿಯಲ್ಲಿ, ಕಾಲು ಇಳಿಬಿಟ್ಟು, ಬೀಗರನ್ನು ಕ್ಷಮೆ ಕೇಳಿದೆ. ಡಾಕ್ಟರಮ್ಮನಿಗೂ ಹೇಳಿದೆ. ಅವರು, ಇಂಥ ತಾತಂದಿರು ಬಹಳ ಜನ ಇದ್ದಾರೆ ಎಂದು ನಕ್ಕರು. ಅದೊಂದು ಬೇಸರವಾಯಿತು. ಇಷ್ಟು ದೊಡ್ಡ ಪಾಪದಲ್ಲೂ ನಾನೊಬ್ಬನೇ ಆಗಿರಲಿಲ್ಲ.

ಸೊಸೆಯೇ ನನ್ನ ತಂಗಿಯನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಈ ವಯಸ್ಸಿನಲ್ಲಿ ಆಪರೇಷನ್ನಿನಿಂದ ಮಾತು ಪೂರ್ತಿ ಸರಿಹೋಗದು ಎಂದು ಹಲ್ಲುಸೆಟ್ಟಿನಂಥ ಒಂದು ತಟ್ಟೆ ಮಾಡಿಕೊಟ್ಟರು. ಅದನ್ನು ಹಾಕಿಕೊಂಡರೆ ಗಾಳಿ ಮೂಗಿಗೆ ಹೋಗುವುದು ಕಡಿಮೆಯಾಗಿ ಮಾತು ಸುಮಾರಾಗಿ ತಿಳಿಯುತ್ತದೆ. ಸಂಜೆ ಮೊಮ್ಮಗಳೂ ಅವಳೂ ಫೋನಿನಲ್ಲಿ ಹರಟುತ್ತಾರೆ. ಅಜ್ಜಿ ಏನಂದಳು ಎಂದು ನಾನು ಕೇಳಿದರೆ ಮೊಮ್ಮಗಳು, ‘ಅದು ನಮ್ಮಿಬ್ರ ವಿಷ್ಯ ತಾತ’ ಎನ್ನುತ್ತಾಳೆ.

ಹೋದ ತಿಂಗಳು, ಇವತ್ತು ತಂಗಿಯನ್ನು ಕ್ಷಮೆ ಕೇಳಿಯೇ ಬಿಡುವುದೆಂದು ಮೊಮ್ಮಗಳನ್ನು ಕರೆದುಕೊಂಡು ಕೆಂಚಾರ್ಲಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳ ಮನೆಯಲ್ಲಿ ಕಾಫಿ ಕುಡಿದೆ, ಸೊಪ್ಪು ಚೆನ್ನಾಗಿ ಬಂದಿದೆ ಎಂದೆ, ಗೂಡಿನ ಧಾರಣೆ ಬಗ್ಗೆ ಹೇಳಿದೆ. ಅವಳು ಎದ್ದು, ಮಗುವಿಗೆ ಏನಾದರೂ ಕೊಡಿಸೋಣ ಎಂದು ನಮ್ಮನ್ನು ಅಂಗಡಿಗೆ ಹೊರಡಿಸಿದಳು. ಸೆರಗು ಭುಜದ ಮೇಲಿತ್ತು. ಅಂಗಡಿಯಲ್ಲಿ ಕಡಲೆಪುರಿ ಕೇಳಿದಳು. ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಡಿಯ ಹುಡುಗ, ನನ್ನ ಕಡೆ ನೋಡದೆಯೇ, ಕಡಲೆಪುರಿ ಅಳೆದು ಪೊಟ್ಟಣ ಕಟ್ಟಿದ.

ಆಮೇಲೆ ಅವಳು ಭರಣಿಯೊಂದನ್ನು ತೋರಿಸಿ, ಒಂದು ಕಮರಕಟ್ಟು ಕೊಂಡು ನನ್ನ ಅಂಗೈಯಲ್ಲಿ ಇಟ್ಟಳು. ‘ತಗೋ ಅಣ್ಣ’ ಎಂದಳು. ಮಾತು ಸ್ಪಷ್ಟವಾಗಿತ್ತು.

ಬೇರೇನೂ ತೋಚದೆ ಬಾಯಿಗೆ ಹಾಕಿಕೊಂಡೆ. ನನ್ನ ಹಲ್ಲುಸೆಟ್ಟಿಗೆ ಅದು ಮೇಲೂ ಕೆಳಗೂ ಅಂಟಿಕೊಂಡು ಬಾಯಿ ತೆರೆಯಲಾಗಲಿಲ್ಲ. ಅವಳು ಕಾದು ನೋಡಿದಳು. ಮೊಮ್ಮಗಳು ನಕ್ಕಳು. ಬಸ್ಸು ಬಂತು. ಬಾಯಿ ತೆರವಾಗುವ ಹೊತ್ತಿಗೆ ಕೆಂಚಾರ್ಲಹಳ್ಳಿ ಹಿಂದೆ ಉಳಿದಿತ್ತು.

ಸೊಸೆಯನ್ನು ಕೇಳಿದ್ದಾಯಿತು, ಬೀಗರನ್ನು ಕೇಳಿದ್ದಾಯಿತು. ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದವಳನ್ನು, ನನ್ನ ಮಾತು ಸುಳ್ಳೆಂದು ಗೊತ್ತಿದ್ದೂ ಅದನ್ನು ಹೇಳಲಾಗದೆ ಇಡೀ ಆಯಸ್ಸು ನಿಂತಿದ್ದವಳನ್ನು ಇನ್ನೂ ಕೇಳಿಲ್ಲ. ಅವಳು ನನ್ನ ಬೆನ್ನಿಗೆ ಬಿದ್ದ ತಂಗಿ.